ಮಣ್ಣವ್ವ ಬಚ್ಚಿಟ್ಟ ಕೆಂಪು ಜುಟ್ಟು

ಮತ್ತೆ ಬಾಯಿ ಹಾಕಿದಳು! ಕಥೆಯ ಕೋಳಿ ಇನ್ನೂ ಕಾವಿಗೆ ಕೂತಿಲ್ಲ, ಅಷ್ಟರಲ್ಲೇ ನನ್ನ ಮಗಳು ಇಂಚರಳಿಗೆ ಪ್ರಶ್ನೆ ಹುಟ್ಟಿಬಿಟ್ಟಿದೆ.

"ಅಮ್ಮಾ, ನಮ್ಮ ಬೂದಿ ಹ್ಯಾಟೆ ತಾನೇ?"

"ಇರೇ, ಒಂದು ಮಾತು ಮುಗಿಸೋಕೆ ಬಿಡ್ತೀಯಾ? ಇನ್ಮೇಲೆ ಬಾಯಿ ಹಾಕಿದಾಗೆಲ್ಲ ಒಂದು ಹಿಡಿ ಅವರೆಕಾಳು ಹಿದುಕಬೇಕು, ನೋಡು."

ನನ್ನ ಮುಂದೆ ನೆನೆಹಾಕಿದ ಅವರೆಕಾಳಿನ ಬೋಗುಣಿ ಇದೆ. ನಾಳೆ ನಾದಿನಿಯೂ ಅವಳ ಗಂಡ ಶಿವಲಿಂಗುವೂ ಊಟಕ್ಕೆ ಬರುತ್ತಾರೆ. ಹಿದುಕಿದ ಬೇಳೆ ಸಾರು ಅತ್ತೆಯ ಮಗಳಿಗೆ ಇಷ್ಟ, ನಾಟಿ ಕೋಳಿ ಸಾರು ಅವರ ಅಳಿಯನಿಗೆ ಇಷ್ಟ. ಮಾಡುವವಳಿಗೆ ಏನು ಇಷ್ಟ ಅಂತ ಯಾರೂ ಕೇಳಿಲ್ಲ, ಬಿಡಿ.

ನಮ್ಮ ಅತ್ತೆ ಪುಟ್ಟತಾಯಮ್ಮನವರ ಕಾನೂನು ಸರಳ. ಹೆಣ್ಣುಮರಿ ಅಂದರೆ ಹ್ಯಾಟೆ, ಅದು ಮೊಟ್ಟೆಗೆ. ಗಂಡುಮರಿ ಅಂದರೆ ಹುಂಜ, ಅದು ಸಾರಿಗೆ. ಹಿತ್ತಲಿಗೆ ಒಂದು ದೊಡ್ಡ ಹುಂಜ ಇದೆ, ಅದೊಂದು ಸಾಕು. ಈ ಸಲ ಕೋಳಿಯನ್ನು ಕಾವಿಗೆ ಕೂರಿಸುವಾಗ ಅವರೇ ಮೊಟ್ಟೆ ಆರಿಸಿದ್ದರು. ಬುಟ್ಟಿಗೆ ಬೂದಿ ಹರವಿ, ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ ಒಂದು ಕಬ್ಬಿಣದ ಮೊಳೆ ಇಟ್ಟು, ಮೇಲೆ ಬರೀ ದುಂಡು ಮೊಟ್ಟೆಗಳನ್ನು ಜೋಡಿಸಿದರು. ದುಂಡು ಮೊಟ್ಟೆಯಲ್ಲಿ ಹ್ಯಾಟೆ ಬರುತ್ತದಂತೆ. ಕೊನೆಗೆ ಒಂದೇ ಒಂದು ಮೊನೆ ಮೊಟ್ಟೆ ಇಟ್ಟು, "ಇದು ನಮ್ಮ ಅಳಿಯಂದ್ರಿಗೆ" ಅಂದಿದ್ದರು.

ಆ ಮೊನೆ ಮೊಟ್ಟೆಯಿಂದ ಯಾವ ಮರಿ ಬಂತು ಅಂತ ಯಾರೂ ನೋಡಲಿಲ್ಲ. ಈಗ ಮರಿಗಳೆಲ್ಲ ಬಲಿತಿವೆ. ಅತ್ತೆಯ ಕಣ್ಣಿಗೆ ಪೊರೆ ಬಂದಿದೆ. ಹೋದ ವರ್ಷ ಹುಂಜ ಅಂದುಕೊಂಡು ಹ್ಯಾಟೆ ಕೊಯ್ಯಿಸಿ, ಹೊಟ್ಟೆಯೊಳಗೆ ಮೊಟ್ಟೆಯ ಗೊಂಚಲು ನೋಡಿ, ಎರಡು ಹೊತ್ತು ಊಟ ಬಿಟ್ಟಿದ್ದರು. ಅದಕ್ಕೇ ಬೆಳಿಗ್ಗೆ ನನ್ನನ್ನು ಕರೆದು, "ಸುಚಿತ್ರಾ, ಹುಂಜ ಯಾವುದು ಅಂತ ನೀನೇ ಸರಿಯಾಗಿ ನೋಡಿ, ಸಂಜೆಯೊಳಗೆ ಮಂಕರಿ ಬುಟ್ಟಿ ಕೆಳಗೆ ಕವುಚಿ ಹಾಕವ್ವ" ಅಂದಿದ್ದಾರೆ.

ಬೂದಿ ಅಂದರೆ ಬೂದಿಬಣ್ಣದ ಮರಿ. ಇಂಚರಳ ಕೈಯಿಂದಲೇ ನುಚ್ಚು ತಿಂದು, ಅವಳ ಲಂಗದೊಳಗೇ ಮಲಗಿ ದೊಡ್ಡದಾಗಿದೆ. ಅದು ಹ್ಯಾಟೆ ಅಂತ ನನ್ನ ಬಾಯಿಂದ ಬಂದುಬಿಟ್ಟರೆ ಅವಳಿಗೆ ಬೇರೇನೂ ಬೇಡ. ಕಥೆಯೂ ಬೇಡ. ಆದರೆ ಕಥೆ ಕೇಳಿದವಳು ಅವಳು, ಶುರು ಮಾಡಿದವಳು ನಾನು. ಮುಗಿಸದೆ ಬಿಡುವವಳಲ್ಲ.

"ಈಗ ಕೇಳು," ಅಂದೆ.

ಲೋಕ ಆಗ ತಾನೇ ಮೊಟ್ಟೆಯೊಡೆದು ಹೊರಗೆ ಬಂದಿತ್ತು. ಇನ್ನೂ ಮೈ ಒಣಗಿರಲಿಲ್ಲ. ಬೆಟ್ಟಗಳು ರಾಗಿಮುದ್ದೆಯ ಹಾಗೆ ಮೆತ್ತಗಿದ್ದವು. ಹೊಳೆ ಅಂಬೆಗಾಲು ಇಡುತ್ತಿತ್ತು. ಗಾಳಿ ಯಾವ ಕಡೆ ಬೀಸಬೇಕು ಅಂತ ತಿಳಿಯದೆ ಸಿಕ್ಕಿದವರನ್ನೆಲ್ಲ ದಾರಿ ಕೇಳುತ್ತಿತ್ತು.

ಆಗ ಗಂಡುಮರಿ ಯಾವುದು, ಹೆಣ್ಣುಮರಿ ಯಾವುದು ಅಂತ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮೊಟ್ಟೆ ನೋಡಿದರೇ ಗೊತ್ತಾಗುತ್ತಿತ್ತು. ದುಂಡು ಮೊಟ್ಟೆಯಲ್ಲಿ ಹೆಣ್ಣು, ಮೊನೆ ಮೊಟ್ಟೆಯಲ್ಲಿ ಗಂಡು.

"ಅಜ್ಜಿ ಹೇಳೋ ಹಾಗೇನೇ!"

"ಹ್ಞೂ. ನಿಮ್ಮಜ್ಜಿ ಇನ್ನೂ ಆ ಕಾಲದಲ್ಲೇ ಇದಾರೆ. ಹಿದುಕು ಒಂದು ಹಿಡಿ."

ಗಂಡುಮರಿ ಹುಟ್ಟುವಾಗಲೇ ತಲೆಯ ಮೇಲೆ ಕೆಂಪು ಜುಟ್ಟು ಇರುತ್ತಿತ್ತು. ಮೈ ಒಣಗುವ ಮೊದಲೇ ಬಾಲ ಕುಡುಗೋಲಿನ ಹಾಗೆ ಬಾಗುತ್ತಿತ್ತು. ಚಿಪ್ಪಿನೊಳಗಿದ್ದಾಗಲೇ "ಕೊಕ್ಕೊಕ್ಕೋ" ಅಂತ ಕೂಗಿ ಊರಿಗೆಲ್ಲ ಸುದ್ದಿ ಮುಟ್ಟಿಸುತ್ತಿತ್ತು. ಹೆಣ್ಣುಮರಿಗೆ ಮಾತ್ರ ಮಣ್ಣಿನ ಬಣ್ಣ. ಸುಮ್ಮನೆ ಹುಟ್ಟುವುದು, ಸುಮ್ಮನೆ ಕೆದರುವುದು, ಸುಮ್ಮನೆ ಹೊಟ್ಟೆ ತುಂಬಿಸಿಕೊಳ್ಳುವುದು.

ಲೋಕದ ಮೊದಲ ತಾಯಿಕೋಳಿಯ ಹೆಸರು ಚುಕ್ಕಿ. ಅವಳಿಗೆ ಕೆಂಪು ಜುಟ್ಟಿನ ಗಂಡುಮಕ್ಕಳು ಅಂದರೆ ಪ್ರಾಣ. ಹುಳ ಸಿಕ್ಕಿದರೆ ಮೊದಲು ಕೆಂಪು ಜುಟ್ಟಿಗೆ. ಮಳೆ ಬಂದರೆ ರೆಕ್ಕೆಯ ಕೆಳಗೆ ಮೊದಲು ಕೆಂಪು ಜುಟ್ಟು. ಮಿಕ್ಕಿದ್ದೇನಾದರೂ ಇದ್ದರೆ ಹೆಣ್ಣುಮರಿಗಳಿಗೆ.

"ಶಿವಲಿಂಗು ಮಾವ ಬಂದ್ರೆ ಅಜ್ಜಿ ತೊಡೆ ಪೀಸೆಲ್ಲ ಅವರಿಗೇ ಹಾಕೋ ಹಾಗೆ."

"ನಾನೇನೂ ಹೇಳಲಿಲ್ಲಮ್ಮ. ಹೇಳಿದವಳು ನೀನು. ಇನ್ನೊಂದು ಹಿಡಿ ಹಿದುಕು."

ಅದೇ ಕಾಲಕ್ಕೆ ಆಕಾಶದಲ್ಲಿ ಒಂದು ಹದ್ದು ಇತ್ತು. ಮಹಾ ಸೋಮಾರಿ. ಕಣ್ಣು ಮಾತ್ರ ಸೂಜಿ. ಮೋಡದ ಪಕ್ಕದಲ್ಲಿ ಒರಗಿಕೊಂಡು ಕೆಳಗೆ ನೋಡುತ್ತಿತ್ತು. ಮಣ್ಣಿನ ಮೇಲೆ ಮಣ್ಣಿನ ಬಣ್ಣ ಓಡಾಡಿದರೆ ಅದಕ್ಕೆ ಗುರುತು ಸಿಗುತ್ತಿರಲಿಲ್ಲ. ಕೆಂಪು ಜುಟ್ಟು ಮಾತ್ರ ಮೇಲಿನಿಂದ ಒಣಗಲು ಹಾಕಿದ ಮೆಣಸಿನಕಾಯಿಯ ಹಾಗೆ ಎದ್ದು ಕಾಣುತ್ತಿತ್ತು.

ಕೆಂಪು ಕಂಡಿತು, ಹದ್ದು ಇಳಿಯಿತು, ಎತ್ತಿಕೊಂಡು ಹೋಯಿತು.

ಮತ್ತೊಂದು ಸಲ ಚುಕ್ಕಿ ಕಾವಿಗೆ ಕೂತಳು. ಮರಿ ಬಂದವು. ಕೆಂಪು ಕಂಡಿತು, ಹದ್ದು ಇಳಿಯಿತು, ಎತ್ತಿಕೊಂಡು ಹೋಯಿತು.

ಹೀಗೇ ಆಗಿ ಆಗಿ ಲೋಕದಲ್ಲಿ ಒಂದೇ ಒಂದು ಹುಂಜ ಉಳಿಯಿತು. ಅದೂ ಮುದಿ ಹುಂಜ. ಒಂದು ದಿನ ಅದು ತಿಪ್ಪೆಯ ಮೇಲೆ ನಿಂತು ಜುಟ್ಟು ಕುಣಿಸುತ್ತಾ ಕೂಗಿತು. ಕೆಂಪು ಕಂಡಿತು, ಹದ್ದು ಇಳಿಯಿತು. ಕೂಗು ಅರ್ಧಕ್ಕೇ ನಿಂತಿತು.

ಚುಕ್ಕಿಯ ಬುಟ್ಟಿಯಲ್ಲಿ ಆಗ ಕೊನೆಯ ಕಾವಿನ ಮೊಟ್ಟೆಗಳಿದ್ದವು. ದುಂಡು ಮೊಟ್ಟೆಗಳೂ ಇದ್ದವು, ಮೊನೆ ಮೊಟ್ಟೆಗಳೂ ಇದ್ದವು. ಈ ಸಲದ ಗಂಡುಮರಿಗಳೂ ಹದ್ದಿನ ಪಾಲಾದರೆ ಮುಗಿಯಿತು. ಹುಂಜ ಇಲ್ಲದಿದ್ದರೆ ಮೊಟ್ಟೆ ಇಟ್ಟರೂ ಅದರಲ್ಲಿ ಮರಿ ಆಗುವುದಿಲ್ಲ. ಲೋಕದಲ್ಲಿ ಕೋಳಿ ಅನ್ನುವ ಜಾತಿಯೇ ಇರುವುದಿಲ್ಲ.

"ಹುಂಜ ಇಲ್ದಿದ್ರೆ ಯಾಕಮ್ಮ ಮರಿ ಆಗಲ್ಲ?"

"ಅದು ಬೇರೆ ಕಥೆ. ಅದಕ್ಕೆ ಒಂದು ಹಿಡಿ ಸಾಲಲ್ಲ, ಬೋಗುಣಿ ಪೂರ್ತಿ ಹಿದುಕಬೇಕಾಗುತ್ತೆ. ಸುಮ್ನಿರು."

ಚುಕ್ಕಿ ಮೊದಲು ಸೂರ್ಯನ ಹತ್ತಿರ ಹೋದಳು. ಸೂರ್ಯ ಇನ್ನೂ ಎದ್ದೇ ಇರಲಿಲ್ಲ. ಎಬ್ಬಿಸಲು ಹುಂಜ ಇದ್ದರೆ ತಾನೇ? ಚುಕ್ಕಿಯೇ ಕೊಕ್ಕಿನಲ್ಲಿ ಕುಕ್ಕಿ ಎಬ್ಬಿಸಿದಳು.

"ಸೂರ್ಯಪ್ಪಾ, ನೀನು ಸ್ವಲ್ಪ ದಿನ ಬೆಳಕು ಕಮ್ಮಿ ಮಾಡಪ್ಪ. ನನ್ನ ಮಕ್ಕಳ ಜುಟ್ಟು ಹದ್ದಿಗೆ ಕಾಣದೇ ಇರಲಿ."

ಸೂರ್ಯ ಆಕಳಿಸಿದ. "ನಾನು ಬೆಳಕು ಕಮ್ಮಿ ಮಾಡಿದ್ರೆ ಪೈರು ಏಳಲ್ಲ. ಪೈರು ಏಳದಿದ್ರೆ ಕಾಳು ಇಲ್ಲ. ಆಮೇಲೆ ಕಾಳು ಎಲ್ಲಿ ಅಂತ ನನ್ನ ಮೇಲೇ ರೇಗ್ತೀಯ. ಗಾಳಿನ ಕೇಳು ಹೋಗು."

ಗಾಳಿ ಹೇಳಿತು, "ವಾಸನೆ ಹೊತ್ಕೊಂಡು ಹೋಗು ಅಂದ್ರೆ ಹೋಗ್ತೀನಿ. ಕೂಗು ಹೊತ್ಕೊಂಡು ಹೋಗು ಅಂದ್ರೆ ಹೋಗ್ತೀನಿ. ಬಣ್ಣ ನನ್ನ ಕೈಗೆ ಸಿಗಲ್ಲ ಕಣವ್ವ. ಹೊಳೆನ ಕೇಳು."

ಹೊಳೆಗೆ ತೊಳೆಯುವುದು ಅಂದರೆ ಬಲು ಇಷ್ಟ. "ಕೆಂಪು ತಾನೇ? ಕೊಡಿಲ್ಲಿ, ಉಜ್ಜಿ ಬಿಡ್ತೀನಿ" ಅಂದಿತು. ಅಷ್ಟರಲ್ಲಿ ಚುಕ್ಕಿ ಜೊತೆಗೇ ಹೊತ್ತು ತಂದಿದ್ದ ಬುಟ್ಟಿಯಲ್ಲಿ ಒಂದು ಮೊನೆ ಮೊಟ್ಟೆ ಒಡೆದು ಗಂಡುಮರಿ ತಲೆ ಹೊರಗೆ ಹಾಕಿತ್ತು. ಹೊಳೆ ಅದರ ಜುಟ್ಟನ್ನು ಮರಳು ಹಾಕಿ ಉಜ್ಜಿತು. ಜುಟ್ಟು ಇನ್ನೂ ಕೆಂಪಾಯಿತು. ಮರಿಗೆ ನೆಗಡಿ ಆಯಿತು. ಈಗ ಅದು ಕೂಗುವುದರ ಜೊತೆಗೆ ಸೀನುವುದಕ್ಕೂ ಶುರು ಮಾಡಿತು.

ಇಂಚರ ಬಿದ್ದು ಬಿದ್ದು ನಕ್ಕಳು. ನಕ್ಕಿದ್ದಕ್ಕೆ ದಂಡ ಇಲ್ಲ.

ಚುಕ್ಕಿಗೆ ಸಾಕಾಗಿಹೋಯಿತು. ಹೊಳೆಯ ದಂಡೆಯಲ್ಲಿ ಒಂದು ಗುಂಡಿ ತೋಡಿ, ಅದರೊಳಗೆ ಕುಕ್ಕರಿಸಿ, ಮೈಮೇಲೆ ಮಣ್ಣು ಎರಚಿಕೊಂಡು ಅತ್ತಳು. ಕೋಳಿಗಳು ಬೇಜಾರಾದಾಗಲೂ ಖುಷಿಯಾದಾಗಲೂ ಮಾಡುವುದು ಅದನ್ನೇ ತಾನೇ?

ಆಗ ಕೆಳಗಿನಿಂದ ಒಂದು ದನಿ ಬಂತು. "ದಿನಾ ಬೆಳಗಾದ್ರೆ ನನ್ನ ಮೈ ಕೆದರ್ತೀಯ. ಸೂರ್ಯನ್ನ ಕೇಳಿದೆ, ಗಾಳಿನ ಕೇಳಿದೆ, ಹೊಳೆನ ಕೇಳಿದೆ. ಕಾಲ ಕೆಳಗಿರೋ ನಾನು ಮಾತ್ರ ಕಣ್ಣಿಗೆ ಬೀಳಲಿಲ್ಲ, ಅಲ್ವೇನೆ?"

ಮಾತಾಡಿದವಳು ಮಣ್ಣವ್ವ.

ಚುಕ್ಕಿ ನಾಚಿಕೊಂಡು ರೆಕ್ಕೆ ಮುದುರಿದಳು. "ತಪ್ಪಾಯ್ತು ಮಣ್ಣವ್ವ. ನನ್ನ ಗಂಡುಮಕ್ಕಳನ್ನ ಬಚ್ಚಿಟ್ಟುಕೊಡು."

"ಮಕ್ಕಳನ್ನ ಬಚ್ಚಿಟ್ರೆ ಉಸಿರು ಕಟ್ಟುತ್ತೆ. ಅವರ ಕೆಂಪು ಕೊಡು, ಬಾಲದ ಬಾಗು ಕೊಡು, ಕೂಗು ಕೊಡು. ಮೂರನ್ನೂ ನನ್ನ ಹೊಟ್ಟೆಯೊಳಗೆ ಇಟ್ಟುಕೊಂಡಿರ್ತೀನಿ. ಮೊಟ್ಟೆಗಳ ಆಕಾರನೂ ಕಲೆಸಿಬಿಡ್ತೀನಿ. ಎಲ್ಲ ಮರಿಗಳಿಗೂ ನನ್ನ ಮೈಬಣ್ಣವನ್ನೇ ಹೊದಿಸ್ತೀನಿ. ಆಮೇಲೆ ಗಂಡು ಯಾವುದು ಹೆಣ್ಣು ಯಾವುದು ಅಂತ ಹದ್ದಿಗೆ ಗೊತ್ತಾಗಲ್ಲ."

"ನನಗೆ ಮಾತ್ರ ಕಿವಿಯಲ್ಲಿ ಹೇಳ್ಬಿಡು ಮಣ್ಣವ್ವ."

"ನಿನಗೂ ಗೊತ್ತಾಗಬಾರದು."

ಚುಕ್ಕಿ ಕುತ್ತಿಗೆ ನೆಟ್ಟಗೆ ಮಾಡಿದಳು. "ಹೆತ್ತ ತಾಯಿಗೂ ಗೊತ್ತಾಗಬಾರದಾ? ಇದ್ಯಾವ ನ್ಯಾಯ?"

"ನಿನಗೆ ಗೊತ್ತಾದ್ರೆ ಹುಳ ಸಿಕ್ಕಾಗ ಮೊದಲು ಗಂಡಿಗೆ ಕೊಡ್ತೀಯ. ಮಳೆ ಬಂದಾಗ ಮೊದಲು ಗಂಡನ್ನ ಕರೀತೀಯ. ಹದ್ದಿಗೆ ಜುಟ್ಟೇ ಬೇಕಾಗಿಲ್ಲ ಕಣೇ, ನಿನ್ನನ್ನ ಒಂದು ಗಳಿಗೆ ನೋಡಿದ್ರೆ ಸಾಕು. ನಿನ್ನ ಮಕ್ಕಳನ್ನ ಹದ್ದಿಗೆ ತೋರಿಸಿಕೊಡ್ತಾ ಇರೋಳು ನೀನೇ."

ಚುಕ್ಕಿ ಬುಟ್ಟಿಯನ್ನು ಕೊಕ್ಕಿನಿಂದ ಮುಂದಕ್ಕೆ ತಳ್ಳಿದಳು. ಆಮೇಲೆ ಮೆಲ್ಲಗೆ, "ಆಯ್ತು, ತಗೋ" ಅಂದಳು.

ಮಣ್ಣವ್ವ ಒಂದು ಹಿಡಿ ಧೂಳು ಎದ್ದು ಹಾರುವಂತೆ ಮೈ ಕೊಡವಿದಳು. ಧೂಳು ಇಳಿಯುವ ಹೊತ್ತಿಗೆ ಕೆಂಪು ಇರಲಿಲ್ಲ, ಬಾಗಿದ ಬಾಲ ಇರಲಿಲ್ಲ, ಕೂಗು ಇರಲಿಲ್ಲ. ಸೀನು ಮಾತ್ರ ಇತ್ತು. ಅದೂ ಸಂಜೆಗೆ ಹೋಯಿತು. ಮೊಟ್ಟೆಗಳೆಲ್ಲ ಒಡೆದು ಮರಿಗಳೆಲ್ಲ ಹೊರಗೆ ಬಂದವು. ಎಲ್ಲವೂ ಒಂದೇ ಥರ. ಎಲ್ಲವೂ "ಚಿಂಯ್ ಚಿಂಯ್".

ಮಾರನೆಯ ದಿನ ಹದ್ದು ಕೆಳಗೆ ನೋಡಿತು. ಕೆಂಪಿಲ್ಲ. ಕಣ್ಣು ಉಜ್ಜಿಕೊಂಡು ನೋಡಿತು. ಕೆಂಪಿಲ್ಲ. ಅದು ಹುಟ್ಟಿದಂದಿನಿಂದ ಕೆಳಗೆ ಬಂದು ಒಂದು ಗಳಿಗೆಯೂ ಕೂತಿರಲಿಲ್ಲ; ಈಗ ಬಂದು ಬೇಲಿಯ ಮೇಲೆ ಕೂತಿತು.

"ಏನು ಚುಕ್ಕವ್ವಾ, ಚೆನ್ನಾಗಿದೀಯಾ? ಮರಿ ಮುದ್ದಾಗಿವೆ. ಇದರಲ್ಲಿ ಗಂಡು ಯಾವುದವ್ವಾ?"

"ನಂಗೂ ಗೊತ್ತಿಲ್ಲ ಕಣಪ್ಪ," ಅಂದಳು ಚುಕ್ಕಿ. ನಿಜವನ್ನೇ ಹೇಳಿದ್ದಳು. ಅದಕ್ಕೇ ದನಿ ನಡುಗಲಿಲ್ಲ.

ಹದ್ದು ನಂಬಲಿಲ್ಲ. ಎಲ್ಲಿಂದಲೋ ಒಂದು ದಪ್ಪ ಮಿಡತೆ ಹಿಡಿದು ತಂದು ಚುಕ್ಕಿಯ ಮುಂದೆ ಹಾಕಿತು. "ಪಾಪ, ಮಕ್ಕಳಿಗೆ ಕೊಡವ್ವ" ಅಂದಿತು. ಯಾರಿಗೆ ಮೊದಲು ಕೊಡುತ್ತಾಳೆ ಅಂತ ಕುತ್ತಿಗೆ ಚಾಚಿ ಕೂತಿತು.

ಚುಕ್ಕಿ ಮಿಡತೆಯನ್ನು ನೋಡಿದಳು. ಮರಿಗಳನ್ನು ನೋಡಿದಳು. ಯಾರಿಗೆ ಅಂತ ಕೊಡಬೇಕು? ಮಿಡತೆಯನ್ನು ಕುಕ್ಕಿ ಕುಕ್ಕಿ ಚೂರು ಮಾಡಿ, "ಕೊಕ್ ಕೊಕ್ ಕೊಕ್, ಎಲ್ಲರೂ ಬನ್ನಿ" ಅಂತ ಕರೆದಳು. ಎಲ್ಲ ಮರಿಗಳೂ ನುಗ್ಗಿದವು. ಲೋಕ ಹುಟ್ಟಿದ ಮೇಲೆ ಮೊದಲ ಬಾರಿಗೆ ಹೆಣ್ಣುಮರಿಗಳು ಮಿಡತೆಯ ತೊಡೆ ತಿಂದವು.

"ಇದು ಗಂಡಿರಬಹುದು. ಅಲ್ಲ, ಅದಿರಬಹುದು. ಅಲ್ಲಲ್ಲ, ಆ ಮೂಲೆಯದು..." ಅಂತ ಹದ್ದು ಲೆಕ್ಕ ಹಾಕುವಷ್ಟರಲ್ಲಿ ಮರಿಗಳೆಲ್ಲ ಚುಕ್ಕಿಯ ರೆಕ್ಕೆಯೊಳಗೆ ಸೇರಿಕೊಂಡಿದ್ದವು. ಹದ್ದು "ಯಾವು...ದೂ? ಯಾವು...ದೂ?" ಅಂತ ಸಿಳ್ಳೆ ಹಾಕುತ್ತಾ ಮೇಲಕ್ಕೆ ಹೋಯಿತು. ಇವತ್ತಿಗೂ ಹಾಗೇ ಕೇಳಿಕೊಂಡು ಸುತ್ತುತ್ತದೆ.

"ಈಗಲೂ ಹದ್ದು ಮರಿ ಎತ್ಕೊಂಡು ಹೋಗುತ್ತಲ್ಲಮ್ಮ. ಪಕ್ಕದ ಮನೇದು ಹೋಯ್ತಲ್ಲ."

"ಹೋಗುತ್ತೆ. ಕಣ್ಣು ಮುಚ್ಚಿ ಸಿಕ್ಕಿದ್ದನ್ನ ಎತ್ತುತ್ತೆ. ಬೇಕಾದ್ದನ್ನ ಆರಿಸಿಕೊಳ್ಳೋಕೆ ಮಾತ್ರ ಆಗಲ್ಲ. ಹಿದುಕು."

ಅವಳು ಹಿದುಕಲಿಲ್ಲ. ಎದ್ದು ಹಿತ್ತಲ ಕಡೆ ಹೋದಳು. "ಎಲ್ಲಿಗೆ?" ಅಂದರೆ, "ಕೇಳ್ತಾ ಇದೀನಿ, ನೀನು ಹೇಳು" ಅಂತ ಅಲ್ಲಿಂದಲೇ ಕೂಗಿದಳು. ನಾನು ದನಿ ಎತ್ತಿ ಹೇಳಿದೆ.

ಮರಿಗಳು ದೊಡ್ಡವಾದವು. ರೆಕ್ಕೆಯೊಳಗೆ ಹಿಡಿಸಲಿಲ್ಲ. ಚುಕ್ಕಿ, "ಹೋಗ್ರೋ, ನಿಮ್ಮ ಪಾಡು ನೀವು ನೋಡ್ಕೊಳ್ಳಿ" ಅಂತ ಕುಕ್ಕಿ ಓಡಿಸಿದಳು. ಆಗ ಮಣ್ಣವ್ವ ಗಂಡುಮರಿಗಳನ್ನು ಕರೆದಳು. "ನಿಮ್ಮದು ನನ್ನ ಹತ್ತಿರ ಇದೆ. ಒಂದೇ ಸಲ ಕೊಟ್ರೆ ತಲೆ ತಿರುಗುತ್ತೆ. ಕೆದರ್ತಾ ಇರಿ, ಸ್ವಲ್ಪ ಸ್ವಲ್ಪ ಸಿಗುತ್ತೆ."

ಅವು ಕೆದರಿದವು. ಮೊದಲು ಕಾಲು ದಪ್ಪ ಆಯಿತು. ಆಮೇಲೆ ಜುಟ್ಟಿಗೆ ಕೆಂಪು ಹತ್ತಿತು, ಗದ್ದದ ಕೆಳಗೂ ಇಳಿಯಿತು. ಆಮೇಲೆ ಕುತ್ತಿಗೆಯ ಗರಿ, ಬೆನ್ನಿನ ಗರಿ ಭತ್ತದ ಎಲೆಯ ಹಾಗೆ ಚೂಪಾಗಿ ಹೊಳೆದವು. ಆಮೇಲೆ ಬಾಲ ಬಾಗಿತು. ಕೂಗು ಮಾತ್ರ ತುಂಬಾ ಆಳದಲ್ಲಿತ್ತು. ಅದು ಕೊನೆಗೆ ಬಂತು, ತುಕ್ಕು ಹಿಡಿದ ಬೋರಿಂಗಿನ ಹಿಡಿ ಒತ್ತಿದ ಹಾಗೆ, ಕಿರ್ ಕಿರ್ ಅಂತ.

"ಸುಮ್ನೆ ಕೊಡ್ತಿಲ್ಲ," ಅಂದಳು ಮಣ್ಣವ್ವ. "ಕೆಂಪು ತೊಟ್ಟವನು ಒಂದು ಕಣ್ಣು ಆಕಾಶದ ಮೇಲೆ ಇಟ್ಟಿರಬೇಕು. ಹದ್ದಿನ ನೆರಳು ಕಂಡ್ರೆ ತಾನು ಓಡೋದಲ್ಲ, ಮೊದಲು ಎಲ್ಲರಿಗೂ ಕೂಗಿ ಹೇಳಬೇಕು. ಹುಳ ಸಿಕ್ಕಿದ್ರೆ ತಾನು ನುಂಗೋದಲ್ಲ, ಮೊದಲು ಹೆಣ್ಣುಗಳನ್ನ ಕರೀಬೇಕು. ನಿಮ್ಮವ್ವನ ಕಾಲದ ಬಾಕಿ ಅದು."

ಗಂಡುಮರಿಗಳು ತಲೆ ಆಡಿಸಿದವು.

"ನಮಗೇನು ಕೊಡ್ತೀಯ?" ಅಂತ ಹೆಣ್ಣುಮರಿಗಳು ಮುಂದೆ ಬಂದವು. ಈಗ ಅವಕ್ಕೂ ಬಾಯಿ ಬಂದಿತ್ತು.

"ನಿಮಗೆ ನನ್ನ ಬಣ್ಣವನ್ನೇ ಬಿಟ್ಟುಕೊಟ್ಟಿದೀನಿ. ಕಾವಿಗೆ ಕೂತಾಗ ಯಾರ ಕಣ್ಣಿಗೂ ಬೀಳಲ್ಲ. ಗರಿಯ ತುದಿ ದುಂಡಗೆ ಮಾಡಿದೀನಿ, ಎಳೆ ಮರಿಗೆ ಚುಚ್ಚದೇ ಇರಲಿ ಅಂತ. ಜುಟ್ಟೂ ಕೊಡ್ತೀನಿ, ಚಿಕ್ಕದು. ಮೊಟ್ಟೆ ಇಡೋ ಕಾಲಕ್ಕೆ ಕೆಂಪಾಗುತ್ತೆ."

ಅದಕ್ಕೇ ಇವತ್ತಿಗೂ ಕೋಳಿಮರಿಗಳನ್ನು ಅಂಗೈ ಮೇಲಿಟ್ಟು ನೋಡಿದರೂ ಗಂಡೋ ಹೆಣ್ಣೋ ತಿಳಿಯುವುದಿಲ್ಲ; ಮೊಟ್ಟೆ ನೋಡಿದರಂತೂ ತಿಳಿಯುವುದೇ ಇಲ್ಲ. ಅದಕ್ಕೇ ಎಳೆ ಹುಂಜದ ಜುಟ್ಟು ಮಣ್ಣು ಕೆದರಿ ಕೆದರಿ ನಿಧಾನಕ್ಕೆ ಕೆಂಪಾಗುತ್ತದೆ. ಅದಕ್ಕೇ ಹಿತ್ತಲಿನ ಹುಂಜ ಕಾಳು ಹೆಕ್ಕುವಾಗಲೂ ತಲೆ ಓರೆ ಮಾಡಿ ಒಂದು ಕಣ್ಣಿನಲ್ಲಿ ಆಕಾಶ ನೋಡುತ್ತದೆ.

ಕಥೆ ಮುಗಿಯಿತು. ಹಿತ್ತಲ ಕಡೆಯಿಂದ ಪ್ರಶ್ನೆ ಬರಲಿಲ್ಲ. ನನಗೆ ಗಾಬರಿಯಾಯಿತು. ನನ್ನ ಮಗಳು ಸುಮ್ಮನಿದ್ದಾಳೆ ಅಂದರೆ ಏನೋ ನಡೆಯುತ್ತಿದೆ ಅಂತಲೇ ಅರ್ಥ.

ಬಾಗಿಲಲ್ಲಿ ನಿಂತಿದ್ದಳು. ಕಂಕುಳಲ್ಲಿ ಬೂದಿ. ಅದರ ತಲೆ, ಗದ್ದ, ಕುತ್ತಿಗೆಗೆಲ್ಲ ನೀರೊಲೆಯ ಬೂದಿ ಮೆತ್ತಿದ್ದಳು. ಅವಳ ಮೂಗಿಗೂ ಮೆತ್ತಿಕೊಂಡಿತ್ತು. ಹುಂಜ ಯಾವುದು ಅಂತ ನನಗೆ ಹದಿನೈದು ದಿನದಿಂದ ಗೊತ್ತಿತ್ತು. ಅವಳಿಗೂ ಗೊತ್ತಿತ್ತು ಅಂತ ಈಗ ಗೊತ್ತಾಯಿತು.

"ಅಳಿಯನಿಗೆ ಫಾರಂ ಕೋಳಿ ಹಾಕಿದ್ರೆ ಊರೋರು ಏನಂದಾರು?" ಅಂತ ಅತ್ತೆ ಬೆಳಿಗ್ಗೆ ಅಂದ ಮಾತು ನೆನಪಾಯಿತು. ಬೈಯಬೇಕು ಅಂತಲೇ ಹತ್ತಿರ ಹೋದೆ. ಜುಟ್ಟಿನ ಹಿಂದೆ ಒಂದು ಕಡೆ ಕೆಂಪು ಹಾಗೇ ಉಳಿದಿತ್ತು. ನನ್ನ ಹೆಬ್ಬೆರಳು ತಾನಾಗಿ ಹೋಗಿ, ಮರಿಯ ಕುತ್ತಿಗೆಯಿಂದ ಒಂದಿಷ್ಟು ಬೂದಿ ಒರೆಸಿ, ಅಲ್ಲಿಗೂ ಹಚ್ಚಿತು.

ಅಷ್ಟರಲ್ಲಿ, ಹೊತ್ತು ಗೊತ್ತು ಇಲ್ಲದ ಆ ಗಂಡು, ಕುತ್ತಿಗೆ ಉದ್ದ ಮಾಡಿ ಬಾಯಿ ತೆರೆಯಿತು. "ಕೊ... ಕಿರ್ರ್... ಕೋ!"

ಜಗಲಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆಯ ಕೈ ನಿಂತಿತು. "ಏ ಸುಚಿತ್ರಾ! ಕೂಗಿದ್ದು ಯಾವುದೇ ಅದು?"

ಇಂಚರ ಬೂದಿಯ ಕೊಕ್ಕನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದುಕೊಂಡು, ನನ್ನ ಮುಖವನ್ನೇ ನೋಡುತ್ತಾ ಪಿಸುಗುಟ್ಟಿದಳು. "ಅಮ್ಮಾ, ಚುಕ್ಕಿಗೆ ನಿಜವಾಗ್ಲೂ ಗೊತ್ತಿರಲಿಲ್ಲ. ನಿನಗೆ ಗೊತ್ತು. ಈಗ ನೀನು ಏನು ಹೇಳ್ತೀಯ?"